ಟ್ಯಾಕ್ಟಿಕ್ಸ್ ಅಸಿಸ್ಟೆಂಟ್‌ಗೆ ಕೊಟ್ಟೋರೂ ಆಟ ಆಡೋರೇ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಕಂಪ್ಯೂಟರ್ ಗೇಮ್ ಬಗ್ಗೆ ಬಂದಿದ್ದ ಲೇಖನ ಓದಿದೆ. ಫುಟ್ಬಾಲ್ ಮ್ಯಾನೇಜರ್ ಅಂಥ ಆಟದಲ್ಲಿ ಟ್ಯಾಕ್ಟಿಕ್ಸ್ ಕೂಡ ಕಂಪ್ಯೂಟರ್‌ಗೆ ಬಿಟ್ಟುಕೊಟ್ಟು ಕೂತ್ಕೊಳ್ಳೋರು ಆಟ ಆಡ್ತಾ ಇಲ್ಲ, ಸುಮ್ನೆ ನೋಡ್ತಾ ಇದಾರೆ ಅಂತ ಅದರಲ್ಲಿ ಬರೆದಿದ್ರು. ಉಳಿದಿದ್ದೆಲ್ಲ ನನಗೆ ಇಷ್ಟ ಆಯ್ತು, ಈ ಒಂದು ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಕೂತಿದೆ, ಯಾಕಂದ್ರೆ ಎರಡು ವರ್ಷದಿಂದ ನಾನು ಆಡ್ತಿರೋದೇ ಹಾಗೆ, ಮೈದಾನದಲ್ಲಿ ಟೀಮ್ ಹೇಗೆ ಆಡಬೇಕು ಅನ್ನೋದನ್ನ ಪೂರ್ತಿ ಆಟದೊಳಗೆ ಕಂಪ್ಯೂಟರೇ ನಡೆಸೋ ಅಸಿಸ್ಟೆಂಟ್ ಮ್ಯಾನೇಜರ್‌ಗೆ ಕೊಟ್ಟು, ಮತ್ತೆ ಈ ಎರಡು ವರ್ಷದಲ್ಲಿ ಫುಟ್ಬಾಲ್ ಬಗ್ಗೆ ಕಲಿತಷ್ಟು ಅದಕ್ಕೆ ಮುಂಚೆ ಎಲ್ಲಾನೂ ನಾನೇ ಮಾಡ್ತಿದ್ದಾಗ ಕಲಿತಿರಲಿಲ್ಲ. ಅದನ್ನ ಹೇಳೋಣ ಅಂತ ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ಜಾಗ ಇದ್ರೆ ಪೂರ್ತಿ ಹಾಕಿ.

ನಾನಿರೋದು ಗೋವಾದ ವಾಸ್ಕೋದಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ದುಡಿಯೋಕೆ ಅಂತ ಬಂದು, ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡಿ ಇಲ್ಲೇ ಮನೆ ಮಾಡಿದೋರು, ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ಊರ ಕಡೆ ಹುಡುಗ್ರಿಗೆ ಕ್ರಿಕೆಟ್ ಹೇಗೋ ಇಲ್ಲಿ ಫುಟ್ಬಾಲ್ ಹಾಗೆ, ಭತ್ತ ಕೊಯ್ದ ಗದ್ದೇಲೂ ಎರಡು ಕಡೆ ಬಿದಿರು ನೆಟ್ಟು ಗೋಲ್ ಮಾಡ್ಕೊಂಡು ಆಡ್ತಾರೆ. ಆಗ ನಮಗೆ ಟೀಮ್ ಅಂದ್ರೆ ಸಾಲ್ಗಾಂವ್ಕರ್, ನಮ್ಮ ವಾಸ್ಕೋದ್ದು, 2010-11ರಲ್ಲಿ ಐ-ಲೀಗ್, ಅಂದ್ರೆ ಆಗ ದೇಶದ ದೊಡ್ಡ ಲೀಗ್, ಗೆದ್ದ ಟೀಮ್. ರಜೆ ಸಿಕ್ಕಾಗ ಅಪ್ಪ ನನ್ನ ಮಡಗಾಂವ್ ಬಸ್ ಹತ್ತಿಸಿ ಫತೋರ್ಡಾ ಸ್ಟೇಡಿಯಂಗೆ ಕರ್ಕೊಂಡು ಹೋಗೋರು. ಎಲ್ಲರೂ ಚೆಂಡು ನೋಡ್ತಿದ್ರೆ ಅಪ್ಪ ಬೆಂಚ್ ಕಡೆ ಕೈ ತೋರಿಸಿ "ಅಲ್ಲಿ ನೋಡೋ ತಮ್ಮಾ, ದೊಡ್ಡ ಕೋಚ್ ಸುಮ್ನ ಕೈಕಟ್ಟಿ ನಿಂತಾನ, ಮಾತೆಲ್ಲಾ ಬಾಜೂದಾವಂದು" ಅನ್ನೋರು. ಬಂದರಿನಲ್ಲಿ ದಿನಾ ಮುಕಾದಮನ, ಅಂದ್ರೆ ಕೂಲಿ ಮೇಸ್ತ್ರಿಯ, ಕೈಲಿ ಗ್ಯಾಂಗ್ ನಡೆಯೋದನ್ನ ನೋಡಿದ ಮನುಷ್ಯ ಅವರು, ಒಳ್ಳೆ ಮುಕಾದಮ ಸಿಕ್ಕಿದ್ರೆ ಹಡಗು ಎರಡು ದಿನ ಮುಂಚೆ ಖಾಲಿ ಆಗತ್ತೆ, ಹಂಗಂತ ಮುಕಾದಮನ್ನ ಆರಿಸಿದ ಗುತ್ತಿಗೆದಾರ ಕೆಲಸಾನೇ ಮಾಡಿಲ್ಲ ಅಂತ ಯಾರೂ ಹೇಳಲ್ಲ ಅನ್ನೋರು. ಆ ವಯಸ್ಸಲ್ಲಿ ನನಗೆ ಅದು ತಲೆಗೆ ಹೋಗ್ಲಿಲ್ಲ.

2016ರಲ್ಲಿ ಸಾಲ್ಗಾಂವ್ಕರ್, ಡೆಂಪೋ, ಸ್ಪೋರ್ಟಿಂಗ್ ಮೂರೂ ಗೋವಾ ಟೀಮುಗಳು ಐ-ಲೀಗ್ ಬಿಟ್ಟು ಹೊರಗೆ ಬಂದ್ವು, ಆಮೇಲೆ ನಮ್ಮ ಮನೇಲಿ ದೊಡ್ಡ ಟೀಮ್ ಅಂದ್ರೆ ಎಫ್‌ಸಿ ಗೋವಾನೇ. ಹಾಗಾಗಿ ಫುಟ್ಬಾಲ್ ಮ್ಯಾನೇಜರ್‌ನಲ್ಲೂ ನಾನು ತಗೊಳ್ಳೋದು ಎಫ್‌ಸಿ ಗೋವಾನೇ.

ಆಟ ಗೊತ್ತಿಲ್ಲದೋರಿಗೆ ಒಂದೆರಡು ಮಾತು. ಇದರಲ್ಲಿ ನೀವು ಚೆಂಡು ಒದೆಯೋದಿಲ್ಲ, ಕ್ಲಬ್ ನಡೆಸ್ತೀರಿ. ಒಬ್ಬೊಬ್ಬ ಆಟಗಾರನಿಗೂ ಓಟ, ಪಾಸಿಂಗ್, ಹೆಡಿಂಗ್, ಧೈರ್ಯ ಅಂತ ಹತ್ತಾರು ಗುಣ, ಒಂದೊಂದಕ್ಕೂ 1ರಿಂದ 20ರ ತನಕ ಅಂಕ. ಕೋಚುಗಳಿಗೂ ಅಸಿಸ್ಟೆಂಟುಗಳಿಗೂ ಅದೇ ತರ ಅಂಕ ಇರತ್ತೆ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಇಂಗ್ಲೆಂಡಿನ ಪಾಲ್ ಮತ್ತೆ ಆಲಿವರ್ ಕಾಲಿಯರ್ ಅನ್ನೋ ಅಣ್ಣತಮ್ಮಂದಿರು ಚಾಂಪಿಯನ್‌ಶಿಪ್ ಮ್ಯಾನೇಜರ್ ಅಂತ 1992ರಲ್ಲಿ ತಂದಿದ್ದು ಇದರ ಮೂಲ, ಈಗಿನ ಹೆಸರಿಗೆ ಬಂದಿದ್ದು 2004ರಲ್ಲಿ. 1992ಕ್ಕೂ ಹತ್ತು ವರ್ಷ ಮುಂಚೆ, 1982ರಲ್ಲಿ, ಕೆವಿನ್ ಟಾಮ್ಸ್ ಅನ್ನೋರು ಇದೇ ಹೆಸರಿನ ಇನ್ನೊಂದು ಆಟ ಮಾಡಿದ್ರು, ಅದರಲ್ಲಿ ಮಾಡೋದೇನಿತ್ತು ಅಂದ್ರೆ ಟೀಮ್ ಆರಿಸೋದು, ಆಟಗಾರರನ್ನ ಕೊಳ್ಳೋದು ಮಾರೋದು, ಬ್ಯಾಂಕ್ ಸಾಲ ನೋಡ್ಕೊಳ್ಳೋದು, ಅಷ್ಟೇ. ಈಗ ನಾವು ಟ್ಯಾಕ್ಟಿಕ್ಸ್ ಅನ್ನೋ ಈ ದೊಡ್ಡ ಬೋರ್ಡು, ಬಾಣಗಳು, ಇಪ್ಪತ್ತು ಮೂವತ್ತು ಸೂಚನೆಗಳು ಯಾವುದೂ ಅದರಲ್ಲಿ ಇರಲಿಲ್ಲ, ಆದ್ರೂ ಜನ ರಾತ್ರಿಯೆಲ್ಲ ಕೂತು ಆಡಿದ್ರು. ಮ್ಯಾನೇಜರ್ ಆಟದ ಜೀವ ಟ್ಯಾಕ್ಟಿಕ್ಸಲ್ಲೇ ಇದೆ ಅನ್ನೋರು ಇದನ್ನ ಒಂದ್ಸಲ ಯೋಚಿಸಬೇಕು.

ನಾನು ವೆರ್ನಾ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಶಿಫ್ಟ್ ಕೆಲಸ ಮಾಡೋನು. ಮನೆಗೆ ಬಂದು ಊಟ ಮಾಡಿ ಲ್ಯಾಪ್‌ಟಾಪ್ ತೆಗೆದ್ರೆ ಸಿಗೋದು ಒಂದು ಗಂಟೆ, ಹೆಚ್ಚಂದ್ರೆ ಒಂದೂವರೆ. ಎಲ್ಲಾ ನಾನೇ ಮಾಡ್ತಿದ್ದಾಗ ಆ ಒಂದು ಗಂಟೇಲಿ ಎರಡು ಮ್ಯಾಚ್ ಮುಗಿದ್ರೆ ಹೆಚ್ಚು, ಎದುರಾಳಿ ಹೇಗೆ ಆಡ್ತಾರೆ ನೋಡು, ಅಂಚಲ್ಲಿ ಓಡೋ ಅವರ ವಿಂಗರ್‌ನ ಯಾವ ಕಾಲಿನ ಕಡೆ ತಳ್ಳಬೇಕು ಹೇಳು, ಹಾಫ್‌ಟೈಮಲ್ಲಿ ಬೈಯಬೇಕಾ ಬೆನ್ನು ತಟ್ಟಬೇಕಾ ಆರಿಸು, 60ನೇ ನಿಮಿಷಕ್ಕೆ ಬದಲಾಯಿಸು, ಹೀಗೇ. ಒಂದು ಸೀಸನ್ ಮುಗಿಯೋಕೆ ಎರಡು ತಿಂಗಳು ಹಿಡೀತಿತ್ತು, ಸೀಸನ್ ಮಧ್ಯೆ ಶಿಫ್ಟ್ ಬದಲಾದ್ರೆ ಹದಿನೈದು ದಿನ ಮುಟ್ಟೋಕಾಗ್ತಿರಲಿಲ್ಲ, ವಾಪಸ್ ಬಂದಾಗ ಯಾರ್ಯಾರು ಎಲ್ಲೆಲ್ಲಿ ಆಡ್ತಿದ್ರು ಅನ್ನೋದೇ ಮರೆತು ಹೋಗಿರ್ತಿತ್ತು. ಈ ತೊಂದರೆ ಆಟ ಮಾಡೋರಿಗೂ ಗೊತ್ತಿತ್ತು, ಅದಕ್ಕೇ 2012ರ ಕೊನೇಲಿ ಬಂದ ಆವೃತ್ತಿಯಿಂದ ಕ್ಲಾಸಿಕ್ ಅನ್ನೋ ಹಗುರ ರೂಪ ಸೇರಿಸಿದ್ರು, ಮ್ಯಾಚ್ ನೋಡದೆ ರಿಸಲ್ಟ್ ತಗೊಳ್ಳೋ ಬಟನ್ ಅದರಲ್ಲಿತ್ತು.

ಇನ್ನೊಂದು ತೊಂದರೆ ಭಾಷೇದು, ಇದನ್ನ ಯಾರೂ ಹೇಳಲ್ಲ. 2025ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಟ್ಯಾಕ್ಟಿಕ್ಸ್ ಪರದೆ ತೆರೆದ್ರೆ ಯಾರು ಎಲ್ಲಿ ಹೇಗೆ ಆಡಬೇಕು ಅನ್ನೋ ಪಾತ್ರಗಳ ಹೆಸರು ಹೀಗಿರ್ತಿದ್ವು: ಮೆಝಾಲಾ, ರೆಜಿಸ್ತಾ, ಟ್ರೆಕ್ವಾರ್ತಿಸ್ತಾ, ರೌಮ್‌ಡಾಯ್ಟರ್, ಸೆಗುಂದೋ ವೋಲಾಂತೆ. ಇಟಾಲಿಯನ್, ಜರ್ಮನ್, ಪೋರ್ಚುಗೀಸ್. ಕನ್ನಡ ಶಾಲೇಲಿ ಓದಿ ಇಂಗ್ಲಿಷನ್ನೇ ಕಷ್ಟಪಟ್ಟು ಕಲಿತೋರಿಗೆ ಇದು ಗೋಡೆ ಇದ್ದ ಹಾಗೆ. ವೋಲಾಂತೆ ಅಂದ್ರೆ ಏನು ಅಂತ ನಮ್ಮ ಪಕ್ಕದ ಮನೆ ಅಂಕಲ್‌ನ ಕೇಳಿದ್ದೆ, ಹಳೇ ಕಾಲದೋರು, ಪೋರ್ಚುಗೀಸ್ ಬರತ್ತೆ, ಕಾರಿನ ಸ್ಟೇರಿಂಗ್ ಅಂದ್ರು. ಆದ್ರೆ ಫುಟ್ಬಾಲಲ್ಲಿ ಆ ಪದ ಬಂದಿದ್ದು ಕಾರ್ಲೋಸ್ ವೋಲಾಂತೆ ಅನ್ನೋ ಅರ್ಜೆಂಟೀನಾ ಆಟಗಾರನಿಂದ, ಬ್ರೆಜಿಲ್‌ನ ಫ್ಲಮೆಂಗೋದಲ್ಲಿ ಡಿಫೆನ್ಸ್ ಮುಂದೆ ಆಡ್ತಿದ್ದೋನು, ಅವನ ಹೆಸರೇ ಆ ಜಾಗದ ಹೆಸರಾಯ್ತು. ಇದು ನನಗೆ ಗೊತ್ತಾಗಿದ್ದು ಟ್ಯಾಕ್ಟಿಕ್ಸ್ ಬಿಟ್ಟುಕೊಟ್ಟ ಮೇಲೆ, ಅಸಿಸ್ಟೆಂಟ್ ಒಬ್ಬನನ್ನ ಆ ಜಾಗದಲ್ಲಿ ನಿಲ್ಲಿಸಿದಾಗ, ಯಾಕೆ ನಿಲ್ಲಿಸಿದ ಅಂತ ಹುಡುಕ್ತಾ ಹೋಗಿ. ನಾನೇ ಆರಿಸ್ತಿದ್ದಾಗ ಅರ್ಥ ಆಗದ ಹೆಸರುಗಳನ್ನ ಮುಟ್ಟುತ್ತಲೇ ಇರಲಿಲ್ಲ, ಗೊತ್ತಿರೋ ನಾಲ್ಕರಲ್ಲೇ ಸುತ್ತಾಡ್ತಿದ್ದೆ. 2025ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತೀಲಂತೂ ಚೆಂಡು ನಮ್ಮ ಹತ್ರ ಇದ್ದಾಗ ಒಂದು ಫಾರ್ಮೇಷನ್ (ಯಾರು ಎಲ್ಲಿ ನಿಲ್ಲಬೇಕು ಅನ್ನೋ ಜೋಡಣೆ), ಇಲ್ಲದಾಗ ಇನ್ನೊಂದು, ಬೇರೆ ಬೇರೆ ಹಾಕಬೇಕು. ನಿಜವಾದ ಫುಟ್ಬಾಲ್ ಹಾಗೇ ಇದೆ, ಸರಿ, ಆದ್ರೆ ಹೊಸಬರಿಗೆ ಬೆಟ್ಟ ಇನ್ನೂ ಎತ್ತರ ಆಯ್ತು.

ಜೊತೆಗೆ ಕೆಲಸ ಮಾಡೋ ಗೆಳೆಯ ಒಬ್ಬ ಹೇಳಿದ, ನೀನು ಕ್ಲಬ್ ನೋಡ್ಕೋ, ಆಡಿಸೋದು ಅಸಿಸ್ಟೆಂಟ್‌ಗೆ ಬಿಡು ಅಂತ. ದಾರಿ ಸುಲಭ ಇದೆ. ಆಟದಲ್ಲಿ ಮ್ಯಾನೇಜರ್ ರಜೆ ಹಾಕಬಹುದು, ಮ್ಯಾಚ್ ದಿನ ರಜೆ ಹಾಕಿದ್ರೆ ಅಸಿಸ್ಟೆಂಟ್ ಟೀಮ್ ಇಳಿಸ್ತಾನೆ, ನಾನು ಮಾಡಿಟ್ಟ ಟ್ಯಾಕ್ಟಿಕ್ಸನ್ನೇ ಬಳಸಬೇಕು ಅನ್ನೋ ಟಿಕ್ ತೆಗೆದ್ರೆ ತನಗೆ ಸರಿ ಕಂಡ ಹಾಗೆ ಆಡಿಸ್ತಾನೆ.

ಮೊದಲ ಸೀಸನ್ ಕೆಟ್ಟದಾಗಿ ಹೋಯ್ತು, ಅದನ್ನ ಮುಚ್ಚಿಡಲ್ಲ. ಅಸಿಸ್ಟೆಂಟ್‌ನ ನಾನು ಆರಿಸಿದ್ದು ಹೆಸರು ನೋಡಿ, ಆಟಗಾರನಾಗಿದ್ದಾಗ ದೊಡ್ಡ ಹೆಸರು, ಹುರಿದುಂಬಿಸೋದ್ರಲ್ಲಿ 17 ಇತ್ತು, ಟ್ಯಾಕ್ಟಿಕ್ಸ್ ತಿಳುವಳಿಕೇಲಿ 8. ಎಂಟು ಅನ್ನೋದನ್ನ ನಾನು ನೋಡೇ ಇರಲಿಲ್ಲ. ಅವನಿಗೆ ಇಷ್ಟದ ಫಾರ್ಮೇಷನ್ 4-4-2, ಅಂದ್ರೆ ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಇಬ್ಬರು ಸ್ಟ್ರೈಕರ್, ನಾನು ಕಟ್ಟಿದ್ದ ಟೀಮ್ ಮೂರು ಜನ ಮಿಡ್‌ಫೀಲ್ಡರ್ ಇಟ್ಟು ಆಡೋದಕ್ಕೆ, ಇಬ್ಬರೇ ಸ್ಟ್ರೈಕರ್ ಇದ್ರು, ಒಬ್ಬನಿಗೆ ಗಾಯ ಆದ್ರೆ ವಿಂಗರ್ ಹೋಗಿ ಸ್ಟ್ರೈಕರ್ ಜಾಗದಲ್ಲಿ ನಿಲ್ತಿದ್ದ. ಒಂಬತ್ತನೇ ಸ್ಥಾನ. ಕಂಪ್ಯೂಟರ್‌ಗೆ ಕೊಟ್ರೆ ಹೀಗೇ ಆಗೋದು ಅಂತ ಅಲ್ಲೇ ನಿಲ್ಲಿಸಿಬಿಡ್ತಿದ್ದೆ. ಆದ್ರೆ ಯೋಚನೆ ಮಾಡಿದಾಗ ತಪ್ಪು ಅವನದ್ದು ಅಲ್ವೇ ಅಲ್ಲ ಅನ್ನಿಸ್ತು, ಅವನ ಪ್ರೊಫೈಲಲ್ಲಿ ಎಲ್ಲಾ ಬರೆದೇ ಇತ್ತು, ಯಾವ ಫಾರ್ಮೇಷನ್ ಇಷ್ಟ, ಎಷ್ಟು ಒತ್ತಿ ಆಡಿಸ್ತಾನೆ, ಎಲ್ಲಾ. ನಾನು ಓದದೆ ಸಹಿ ಹಾಕಿಸಿದ್ದೆ.

ಎರಡನೇ ಸೀಸನ್‌ಗೆ ಮುಂಚೆ ಅಸಿಸ್ಟೆಂಟ್‌ನ ಹುಡುಕೋಕೆ ಮೂರು ರಾತ್ರಿ ತಗೊಂಡೆ, ಸ್ಟ್ರೈಕರ್‌ಗೂ ನಾನು ಅಷ್ಟು ಹುಡುಕಿದ್ದಿಲ್ಲ. ಟ್ಯಾಕ್ಟಿಕ್ಸ್ 16, ಆಟಗಾರನ ಈಗಿನ ಸಾಮರ್ಥ್ಯ ಅಳೆಯೋದ್ರಲ್ಲಿ 15, ಇಷ್ಟದ ಫಾರ್ಮೇಷನ್ 4-2-3-1. ಆಮೇಲೆ ಟೀಮ್ ಕಟ್ಟಿದ್ದು ಅವನಿಗೋಸ್ಕರ. ಎಫ್‌ಸಿ ಗೋವಾ ಆಡೋ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಒಂದು ಸಲಕ್ಕೆ ಮೈದಾನದಲ್ಲಿ ನಾಲ್ಕೇ ವಿದೇಶಿಯರು ಇರಬಹುದು, ಆ ನಾಲ್ಕು ಜಾಗ ಎಲ್ಲಿ ಖರ್ಚು ಮಾಡ್ತೀರಿ ಅನ್ನೋದರ ಮೇಲೆ ಟೀಮಿನ ಹಣೆಬರಹ ನಿಂತಿರತ್ತೆ. ನಾನು ಒಬ್ಬ ಸೆಂಟರ್ ಬ್ಯಾಕ್, ಡಿಫೆನ್ಸ್ ಮುಂದೆ ಒಬ್ಬ, ಸ್ಟ್ರೈಕರ್ ಹಿಂದೆ ಒಬ್ಬ, ಒಬ್ಬ ಸ್ಟ್ರೈಕರ್, ಹೀಗೆ ನಡುಬೆನ್ನಿಗೆ ನಾಲ್ಕೂ ಹಾಕಿ, ಎರಡೂ ಅಂಚಿಗೆ ಓಡೋ ಹುಡುಗ್ರನ್ನ ಇಲ್ಲಿಯವರನ್ನೇ ತಂದೆ. ಅಸಿಸ್ಟೆಂಟ್‌ಗೆ ಒಂದು ಸೂಚನೇನೂ ಕೊಡಲಿಲ್ಲ. ಎರಡನೇ ಸ್ಥಾನಕ್ಕೆ ಬಂದ್ವಿ. ಲೇಖನ ಬರೆದೋರನ್ನ ನಾನು ಕೇಳೋದು ಇಷ್ಟೇ, ಆ ಮೂರು ರಾತ್ರಿ ನಾನು ಮಾಡಿದ್ದು ತಂತ್ರಗಾರಿಕೆ ಅಲ್ಲದೆ ಮತ್ತೇನು?

ಇದರಲ್ಲಿ ಇನ್ನೊಂದು ಮಾತಿದೆ. ಆಟದಲ್ಲಿ ನಮ್ಮ ಎದುರು ಇರೋ ಅಷ್ಟೂ ಕ್ಲಬ್‌ಗಳ ಮ್ಯಾನೇಜರ್‌ಗಳು ಕಂಪ್ಯೂಟರೇ. ನಮ್ಮ ಅಸಿಸ್ಟೆಂಟ್ ಅದೇ ಜಾತಿ. ನೀವೇ ಟ್ಯಾಕ್ಟಿಕ್ಸ್ ಮಾಡಿದಾಗ ಕಂಪ್ಯೂಟರ್ ಎಲ್ಲಿ ಎಡವತ್ತೆ ಅನ್ನೋದನ್ನ ಕಂಡುಹಿಡಿದು ಅದೇ ಜಾಗಕ್ಕೆ ಹೊಡೀತಾ ಹೋಗಬಹುದು, ಸಣ್ಣ ಟೀಮ್ ಇಟ್ಕೊಂಡು ಎಲ್ಲರನ್ನೂ ಸೋಲಿಸಬಹುದು, ಎಷ್ಟೋ ಜನ ಹಾಗೇ ಆಡ್ತಾರೆ. ಟ್ಯಾಕ್ಟಿಕ್ಸ್ ಕೊಟ್ಟುಬಿಟ್ರೆ ಆ ಒಂದು ಲಾಭ ಹೋಯ್ತು, ಎರಡೂ ಕಡೆ ಸಮ, ಆಗ ನೀವು ಗೆದ್ರೆ ಅದು ನಿಮ್ಮ ಕ್ಲಬ್ ಅವರ ಕ್ಲಬ್‌ಗಿಂತ ಚೆನ್ನಾಗಿ ಕಟ್ಟಿದ್ದಕ್ಕೇ. ನನಗೆ ಇದು ಕಷ್ಟದ ಆಟ ಅನ್ನಿಸತ್ತೆ.

ಈಗ ಎಡ ಬ್ಯಾಕ್, ಅಂದ್ರೆ ಡಿಫೆನ್ಸಲ್ಲಿ ಎಡಗಡೆ ಆಡೋ, ಹುಡುಗನ ವಿಷಯ ಹೇಳ್ತೀನಿ, ಇದಕ್ಕೇ ನಾನು ಪತ್ರ ಬರೆಯೋಕೆ ಕೂತಿದ್ದು. ವರ್ಷಕ್ಕೊಂದು ಸಲ ಕ್ಲಬ್ಬಿನ ಅಕಾಡೆಮಿಯಿಂದ ಹೊಸ ಹುಡುಗ್ರು ಬರ್ತಾರೆ, ಆಟವೇ ಹುಟ್ಟಿಸೋ ಹುಡುಗ್ರು. ಮೂರನೇ ವರ್ಷ ಬಂದವರಲ್ಲಿ ಹದಿನೇಳು ವರ್ಷದ ಒಬ್ಬ ಎಡ ಬ್ಯಾಕ್, ಓಟ ಚೆನ್ನಾಗಿದೆ, ಛಲ 18, ಪಾಸಿಂಗ್ ಇನ್ನೂ ಹಸಿ. ಮುಂದೆ ತುಂಬ ದೊಡ್ಡೋನಾಗ್ತಾನೆ ಅಂತ ಕೋಚುಗಳೆಲ್ಲ ವರದಿ ಕೊಟ್ರು. ಅದೇ ಜಾಗದಲ್ಲಿ ನಮ್ಮ ಹತ್ರ 31 ವರ್ಷದ ಒಬ್ಬ ಅನುಭವಿ ಇದ್ದ, ಅಸಿಸ್ಟೆಂಟ್ ಪ್ರತಿ ಮ್ಯಾಚೂ ಅವನನ್ನೇ ಇಳಿಸ್ತಿದ್ದ. ಅವನ ದೃಷ್ಟೀಲಿ ಸರಿಯೇ, ಇವತ್ತಿನ ಮ್ಯಾಚ್ ಗೆಲ್ಲೋಕೆ ಇವತ್ತು ಯಾರು ಚೆನ್ನಾಗಿದಾರೋ ಅವರೇ ಬೇಕು. ಅರ್ಧ ಸೀಸನ್ ಹೋಯ್ತು, ಹುಡುಗ ಎರಡು ಸಲ ಕೊನೇ ಹತ್ತು ನಿಮಿಷ ಇಳಿದಿದ್ದ ಅಷ್ಟೇ, ಅವನ ಮನಸ್ಸು ಕುಗ್ಗಿದೆ ಅಂತ ಪರದೆ ಮೇಲೆ ಬರ್ತಿತ್ತು. ಟೀಮ್ ಲಿಸ್ಟಿಗೆ ಕೈ ಹಾಕಿ ಹುಡುಗನ ಹೆಸರು ಬರೆಯೋದು ಒಂದು ನಿಮಿಷದ ಕೆಲಸ. ಆದ್ರೆ ಆಡಿಸೋದು ಅಸಿಸ್ಟೆಂಟ್‌ಗೆ ಕೊಟ್ಟ ಮೇಲೆ ಹಿಂದಿನಿಂದ ಕೈಹಾಕೋದು ನನಗೆ ಸರಿ ಬರ್ತಿರಲಿಲ್ಲ, ಮುಕಾದಮನಿಗೆ ಗ್ಯಾಂಗ್ ಕೊಟ್ಟ ಮೇಲೆ ಗುತ್ತಿಗೆದಾರ ಬಂದು ನೀನು ಅಲ್ಲಿ ನಿಲ್ಲು ನೀನು ಇಲ್ಲಿ ನಿಲ್ಲು ಅಂದ್ರೆ ಮರುದಿನದಿಂದ ಮುಕಾದಮನ ಮಾತು ಯಾರು ಕೇಳ್ತಾರೆ.

ಜನವರಿ ಟ್ರಾನ್ಸ್‌ಫರ್ ಶುರುವಾದಾಗ ಆ ಅನುಭವಿ ಎಡ ಬ್ಯಾಕನ್ನ ಮಾರಿದೆ. ಬೇರೆ ಯಾರನ್ನೂ ತರಲಿಲ್ಲ. ಅಸಿಸ್ಟೆಂಟ್‌ಗೆ ಈಗ ಹುಡುಗನ್ನ ಬಿಟ್ಟು ಗತಿ ಇರಲಿಲ್ಲ. ಮೊದಲ ಮ್ಯಾಚಲ್ಲೇ ಹುಡುಗ ಪೆನಾಲ್ಟಿ ಕೊಟ್ಟ, ಸೋತ್ವಿ. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಟೈಟಲ್ ಹೋಯ್ತು ನನ್ನ ಕೈಯಾರೆ ಅಂತ. ಟೈಟಲ್ ಹೋಯ್ತು ಕೂಡ, ಎರಡು ಪಾಯಿಂಟಲ್ಲಿ. ಆದ್ರೆ ಸೀಸನ್ ಕೊನೇ ಹೊತ್ತಿಗೆ ಹುಡುಗನ್ನ ಬಿಟ್ಟು ಬೇರೆಯವರನ್ನ ಅಸಿಸ್ಟೆಂಟೇ ಯೋಚಿಸ್ತಿರಲಿಲ್ಲ, ಈಗ ಅವನಿಗೆ 22, ವೈಸ್ ಕ್ಯಾಪ್ಟನ್. ಮ್ಯಾಚ್ ಅಸಿಸ್ಟೆಂಟ್‌ನದು, ವರ್ಷಗಳು ನನ್ನವು, ಈ ಹಂಚಿಕೆ ನನಗೆ ಅಲ್ಲಿ ಅರ್ಥ ಆಯ್ತು. ಇವತ್ತಿಗೆ ಬೇಕಾದ ಬುದ್ಧಿ ಕಂಪ್ಯೂಟರ್‌ಗೆ ಬೇಕಾದಷ್ಟಿದೆ, ಐದು ವರ್ಷ ಆದ್ಮೇಲೆ ಈ ಎಡ ಬ್ಯಾಕ್ ಯಾರು ಅನ್ನೋದು ಅದರ ಲೆಕ್ಕದಲ್ಲಿ ಇಲ್ಲ.

ನಿಜವಾದ ಫುಟ್ಬಾಲಲ್ಲೂ ಇದು ಹೊಸದೇನಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು 1979ರಲ್ಲಿ, 1980ರಲ್ಲಿ ಎರಡು ಸಲ ಯುರೋಪಿಯನ್ ಕಪ್ ಗೆದ್ದಿದ್ದು ಮ್ಯಾನೇಜರ್ ಬ್ರಯನ್ ಕ್ಲಫ್ ಒಬ್ಬರಿಂದ ಅಂತ ಆ ಊರಲ್ಲಿ ಯಾರೂ ಹೇಳಲ್ಲ, ಆಟಗಾರರನ್ನ ಹುಡುಕೋ ಕಣ್ಣು ಅಸಿಸ್ಟೆಂಟ್ ಪೀಟರ್ ಟೇಲರ್‌ದು. ಅಲೆಕ್ಸ್ ಫರ್ಗುಸನ್ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿದ್ದಾಗಲೇ ಪ್ರಾಕ್ಟೀಸ್ ನಡೆಸೋದನ್ನ ಅಸಿಸ್ಟೆಂಟ್‌ಗೆ ಬಿಟ್ಟು ತಾವು ಪಕ್ಕದಲ್ಲಿ ನಿಂತು ನೋಡೋಕೆ ಶುರು ಮಾಡಿದ್ರು, ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 1986ರಿಂದ 2013ರ ತನಕ ಅಸಿಸ್ಟೆಂಟುಗಳು ಎಷ್ಟೋ ಸಲ ಬದಲಾದ್ರು, ಫರ್ಗುಸನ್ ಉಳಿದ್ರು, 13 ಸಲ ಲೀಗ್ ಬಂತು. ಅಷ್ಟು ದೂರ ಹೋಗೋದೂ ಬೇಡ. 2020ರ ಜನವರಿ ಕೊನೇಲಿ ನಮ್ಮ ಎಫ್‌ಸಿ ಗೋವಾ ಪಾಯಿಂಟ್ ಪಟ್ಟೀಲಿ ಮೇಲೆ ಇರುವಾಗಲೇ ಕೋಚ್ ಸೆರ್ಜಿಯೋ ಲೊಬೇರಾ ಹೋದ್ರು, ಟೀಮ್ ನಡೆಸಿದ್ದು ಇಲ್ಲಿಯವರೇ ಆದ ಕ್ಲಿಫರ್ಡ್ ಮಿರಾಂಡಾ. ಫೆಬ್ರವರಿ 19ಕ್ಕೆ ಜಮ್‌ಶೆಡ್‌ಪುರದಲ್ಲಿ 5-0 ಗೆದ್ದು, ಲೀಗ್ ಹಂತದಲ್ಲಿ ಮೊದಲು ಬಂದೋರಿಗೆ ಕೊಡೋ ಲೀಗ್ ಶೀಲ್ಡ್ ತಂದ್ರು, ಏಷ್ಯನ್ ಚಾಂಪಿಯನ್ಸ್ ಲೀಗಿನ ಗ್ರೂಪ್ ಹಂತಕ್ಕೆ ಹೋದ ಮೊದಲ ಭಾರತದ ಕ್ಲಬ್ ಆಯ್ತು. ಆಮೇಲೆ ಸೆಮಿಫೈನಲಲ್ಲಿ ಚೆನ್ನೈಯಿನ್ ಕೈಲಿ ಎರಡೂ ಮ್ಯಾಚ್ ಸೇರಿ 6-5 ಸೋತ್ವಿ, ಆ ನೋವು ಇನ್ನೂ ಇದೆ. ಆದ್ರೆ ಆ ಟೀಮ್ ಕೋಚ್ ಹೋದ ಮೇಲೂ ಕುಸಿಯಲಿಲ್ಲ, ಅದನ್ನ ಕಟ್ಟಿದ ರೀತಿ ಹಾಗಿತ್ತು.

ಇನ್ನೂ ಒಂದು ನೋಡಿ, 2008ರಲ್ಲಿ ಎವರ್ಟನ್ ಕ್ಲಬ್ಬು ಈ ಆಟದವರ ಜೊತೆ ಒಪ್ಪಂದ ಮಾಡ್ಕೊಂಡಾಗ ತಗೊಂಡಿದ್ದು ಅವರ ಆಟಗಾರರ ಡೇಟಾಬೇಸ್. ಪ್ರೀಮಿಯರ್ ಲೀಗಿನ ಒಂದು ಕ್ಲಬ್ಬಿಗೆ ಈ ಆಟದಲ್ಲಿ ಬೆಲೆಬಾಳೋದು ಅಂತ ಕಂಡಿದ್ದು ಯಾರು ಎಲ್ಲಿದಾರೆ, ಯಾರು ಮುಂದೆ ಬರ್ತಾರೆ ಅನ್ನೋ ಮಾಹಿತಿ.

ಲೇಖನದಲ್ಲಿ ಸರಿ ಇರೋದನ್ನೂ ಒಪ್ಕೋತೀನಿ. ಟ್ಯಾಕ್ಟಿಕ್ಸ್ ಜೊತೆಗೆ ಟ್ರಾನ್ಸ್‌ಫರ್, ಕಾಂಟ್ರಾಕ್ಟ್, ಟ್ರೇನಿಂಗ್, ಪ್ರೆಸ್‌ಮೀಟ್ ಎಲ್ಲಾ ಕೊಟ್ಟು ವರ್ಷಗಟ್ಟಲೆ ರಜೆ ಹಾಕಿದ್ರೆ ಅಲ್ಲಿ ನೀವಿಲ್ಲ, ಅದು ನಿಜ. ಮತ್ತೆ ಮ್ಯಾಚ್ ಒಳಗಿನ ಖುಷಿ ಬಿಟ್ಟುಕೊಡ್ತೀರಿ ಅನ್ನೋದೂ ನಿಜ, 85ನೇ ನಿಮಿಷದಲ್ಲಿ ಒಬ್ಬನನ್ನ ಇಳಿಸಿ ಅವನೇ ಗೋಲ್ ಹೊಡೆದಾಗ ಆಗೋ ಖುಷಿ ನನಗೆ ಈಗ ಸಿಗಲ್ಲ. ಅಕ್ಕನ ಮಗ ಅದಕ್ಕೇ ಎಲ್ಲಾ ತಾನೇ ಮಾಡ್ತಾನೆ, ಕಾಲೇಜು ಹುಡುಗ, ಟೈಮ್ ಇದೆ. "ಮಾಮಾ, ನೀ ಮ್ಯಾಚ್ ದಿನಾ ಏನೂ ಮಾಡಂಗಿಲ್ಲಲ್ಲ, ನಿನಗ ಎದಿ ಹೊಡ್ಕೊಳ್ಳಂಗಿಲ್ಲೇನು" ಅಂತ ಕೇಳಿದ ಒಂದಿನ. ಹೊಡ್ಕೊಳ್ಳತ್ತೆ, ಹೆಚ್ಚೇ ಹೊಡ್ಕೊಳ್ಳತ್ತೆ, ಯಾಕಂದ್ರೆ ಶುರುವಾದ ಮೇಲೆ ನನ್ನ ಕೈಲಿ ಏನೂ ಇಲ್ಲ. ಅವನು ಟ್ಯಾಕ್ಟಿಕ್ಸ್ ಚೆನ್ನಾಗಿ ಮಾಡ್ತಾನೆ, ಅವನ ಹತ್ರ ಕೂತು ನೋಡ್ತೀನಿ, ಅವನು ಆಟಗಾರರನ್ನ ಆರಿಸುವಾಗ ನನ್ನ ಕೇಳ್ತಾನೆ. ಎರಡೂ ಆಟವೇ.

ಕೊನೇದಾಗಿ ಪತ್ರಿಕೆಗೆ ಒಂದು ವಿನಂತಿ. ನಿಮ್ಮ ಆಟದ ಪುಟದಲ್ಲಿ ಐಎಸ್‌ಎಲ್ ಮ್ಯಾಚಿನ ವರದಿ ಬಂದಾಗ ಕೋಚ್ ಹೆಸರು ಇರತ್ತೆ, ಅಸಿಸ್ಟೆಂಟ್ ಕೋಚ್ ಹೆಸರು ನಾನು ಒಂದು ಸಲಾನೂ ನೋಡಿಲ್ಲ. ಗೋವಾದಲ್ಲಿ ಅಸಿಸ್ಟೆಂಟ್ ಆಗಿ, ಅಕಾಡೆಮಿ ಕೋಚ್ ಆಗಿ ಇಪ್ಪತ್ತು ವರ್ಷ ದುಡಿದೋರು ಮಡಗಾಂವ್‌ನಲ್ಲೂ ಮಾಪ್ಸಾದಲ್ಲೂ ಇದಾರೆ, ನಿಮ್ಮ ವರದಿಗಾರರು ಒಂದಿಬ್ಬರನ್ನ ಮಾತಾಡಿಸಿ ಅವರು ಬೆಂಚಲ್ಲಿ ಕೂತು ಏನು ನೋಡ್ತಾರೆ, ಹೆಡ್ ಕೋಚ್‌ಗೆ ಯಾವಾಗ ಏನು ಹೇಳ್ತಾರೆ ಅಂತ ಕನ್ನಡದಲ್ಲಿ ಬರೆದ್ರೆ ಇಲ್ಲಿನ ನಮ್ಮ ಹುಡುಗ್ರೂ ಓದ್ತಾರೆ, ಅಪ್ಪನಿಗೂ ಓದಿ ಹೇಳ್ತೀನಿ.

ಇಂತಿ,
ನಿಮ್ಮ ಓದುಗ,
ವಾಸ್ಕೋ, ಗೋವಾ